ಪವಿತ್ರ ತಾಣದಲ್ಲಿ ವಿವರಣೆಯ ಸತ್ಯ

ವಸ್ತುಸಂಗ್ರಹಾಲಯಗಳಿಗೆ, ರಾಷ್ಟ್ರೀಯ ಉದ್ಯಾನಗಳಿಗೆ, ಪಾರಂಪರಿಕ ತಾಣಗಳಿಗೆ ಬರುವ ಜನರಿಗೆ ಅಲ್ಲಿ ಏನನ್ನು ತಿಳಿಸಬೇಕು, ಯಾವ ಕ್ರಮದಲ್ಲಿ ತಿಳಿಸಬೇಕು, ಎಷ್ಟು ಹೇಳಿ ಎಲ್ಲಿ ನಿಲ್ಲಿಸಬೇಕು ಎಂಬುದನ್ನು ಮುಂಚಿತವಾಗಿ ಆಲೋಚಿಸಿ ಸಿದ್ಧಪಡಿಸುವ ಕೆಲಸ ಇಪ್ಪತ್ತನೆಯ ಶತಮಾನದಲ್ಲಿ ಒಂದು ಪ್ರತ್ಯೇಕ ವೃತ್ತಿಯಾಗಿ ರೂಪುಗೊಂಡಿತು. ಈ ವೃತ್ತಿಗೆ ಇಂಟರ್‌ಪ್ರಿಟೇಶನ್ ಎಂಬ ಹೆಸರು ರೂಢಿಯಲ್ಲಿದ್ದು, ಅರಣ್ಯ ಇಲಾಖೆಯ ಇಂಟರ್‌ಪ್ರಿಟೇಶನ್ ಕೇಂದ್ರಗಳ ಮೂಲಕ ಆ ಪದ ಕನ್ನಡಿಗರಿಗೂ ಪರಿಚಿತವಾಗಿದೆ. ಇಲ್ಲಿ ಅದನ್ನು ವ್ಯಾಖ್ಯಾನವೆಂದೂ, ಅದನ್ನು ರೂಪಿಸುವವರನ್ನು ವ್ಯಾಖ್ಯಾನ ಯೋಜಕರೆಂದೂ ಕರೆಯಲಾಗಿದೆ. ಮಾಹಿತಿ ಫಲಕದ ಬರವಣಿಗೆ, ಗೈಡುಗಳ ತರಬೇತಿ, ಶಾಲಾ ಮಕ್ಕಳಿಗೆ ಪ್ರತ್ಯೇಕ ಪಾಠ, ಸಂದರ್ಶಕರು ನಡೆಯುವ ದಾರಿಯ ನಿರ್ಣಯ, ಅವರು ಏನನ್ನು ಗ್ರಹಿಸಿದರೆಂಬ ಪರಿಶೀಲನೆ, ಇವೆಲ್ಲವೂ ಅವರ ಕೆಲಸದ ಭಾಗಗಳು. ಕೋಟೆ, ಕಾಡು, ಕಾರ್ಖಾನೆಗಳ ವಿಷಯದಲ್ಲಿ ಈ ಕೆಲಸ ಬಹುಮಟ್ಟಿಗೆ ಜಾಣ್ಮೆಯನ್ನೂ ಶ್ರಮವನ್ನೂ ಬೇಡುತ್ತದೆ. ಆದರೆ ಒಂದು ತಾಣವನ್ನು ಜನ ಇಂದಿಗೂ ಪೂಜಿಸುತ್ತಿರುವಾಗ, ಅಲ್ಲಿಯ ಕಲ್ಲಿನ ಬಗ್ಗೆ ಒಂದು ಸಮುದಾಯ ಹೇಳುವ ಮಾತು ಪುರಾತತ್ವಜ್ಞ ಹೇಳುವ ಮಾತಿಗಿಂತ ತೀರ ಬೇರೆಯಾಗಿರುವಾಗ, ಯೋಜಕರ ಮುಂದೆ ತತ್ತ್ವಶಾಸ್ತ್ರದ ಪ್ರಶ್ನೆಯೊಂದು ಎದುರಾಗುತ್ತದೆ: ಪವಿತ್ರವೆನಿಸಿದ್ದನ್ನು ತಾನು ಒಪ್ಪಿಕೊಳ್ಳದೆ, ಅಲ್ಲಗಳೆಯದೆ, ಸತ್ಯವಾಗಿ ವಿವರಿಸಲು ಸಾಧ್ಯವೇ?

ಈ ವೃತ್ತಿಯ ಮೂಲಗ್ರಂಥವೆಂದು ಮಾನ್ಯವಾದದ್ದು ಅಮೆರಿಕದ ಲೇಖಕ ಫ್ರೀಮನ್ ಟಿಲ್ಡನ್ ಅಲ್ಲಿಯ ರಾಷ್ಟ್ರೀಯ ಉದ್ಯಾನ ಸೇವೆಗಾಗಿ ಸಿದ್ಧಪಡಿಸಿ 1957ರಲ್ಲಿ ಪ್ರಕಟಿಸಿದ ‘ಇಂಟರ್‌ಪ್ರಿಟಿಂಗ್ ಅವರ್ ಹೆರಿಟೇಜ್’. ಅದರಲ್ಲಿ ಆತ ಆರು ಸೂತ್ರಗಳನ್ನು ಮುಂದಿಟ್ಟ. ಬರಿಯ ಮಾಹಿತಿ ವ್ಯಾಖ್ಯಾನವಾಗುವುದಿಲ್ಲ, ಮಾಹಿತಿಯ ಆಧಾರದಿಂದ ಒಳ ಅರ್ಥವನ್ನು ಕಾಣಿಸುವುದೇ ವ್ಯಾಖ್ಯಾನ ಎಂಬುದು ಒಂದು, ಬೋಧನೆಗಿಂತ ನೋಡುವವರ ಮನಸ್ಸನ್ನು ಕೆಣಕುವುದು ಮುಖ್ಯ ಎಂಬುದು ಇನ್ನೊಂದು. ವೃತ್ತಿಯಲ್ಲಿರುವವರು ಇಂದಿಗೂ ಈ ಸೂತ್ರಗಳನ್ನು ಆಧಾರವಾಗಿ ಹಿಡಿಯುತ್ತಾರೆ. ಆದರೆ ಒಳ ಅರ್ಥವನ್ನು ಕಾಣಿಸಬೇಕೆಂದಾಗ ಯಾರ ಅರ್ಥ ಎಂಬ ಪ್ರಶ್ನೆ ಕೂಡಲೇ ಏಳುತ್ತದೆ, ಮತ್ತು ಕಣಿವೆ, ಕಾಡು, ಯುದ್ಧಭೂಮಿಗಳನ್ನು ಕುರಿತು ಬರೆದ ಪುಸ್ತಕದಲ್ಲಿ ಅದಕ್ಕೆ ಪೂರ್ಣ ಉತ್ತರ ದೊರೆಯುವುದಿಲ್ಲ. ಉತ್ತರಕ್ಕೆ ನೆರವಾಗುವ ವಿಚಾರಸಾಮಗ್ರಿ ಕನ್ನಡ ನಾಡಿನ ಪರಂಪರೆಯೊಳಗೇ ಇದೆ. ಅದನ್ನು ಪರಿಶೀಲಿಸಲು ಶ್ರವಣಬೆಳಗೊಳಕ್ಕಿಂತ ಸೂಕ್ತವಾದ ಸ್ಥಳ ಸಿಗುವುದು ಕಷ್ಟ.

ಶ್ರವಣಬೆಳಗೊಳದ ವಿಂಧ್ಯಗಿರಿಯ ಮೇಲೆ, ಜನ ದೊಡ್ಡಬೆಟ್ಟವೆಂದು ಕರೆಯುವ ಬಂಡೆಯ ನೆತ್ತಿಯಲ್ಲಿ, ಸುಮಾರು 58 ಅಡಿ ಎತ್ತರದ ಗೊಮ್ಮಟನ ಏಕಶಿಲಾಮೂರ್ತಿ ಇದೆ. ಗಂಗ ರಾಜ ರಾಚಮಲ್ಲನ ಮಂತ್ರಿಯೂ ಸೇನಾನಿಯೂ ಆಗಿದ್ದ ಚಾವುಂಡರಾಯ ಅದನ್ನು 981ರ ಸುಮಾರಿಗೆ ಮಾಡಿಸಿದ. ಹನ್ನೆರಡು ವರ್ಷಗಳಿಗೊಮ್ಮೆ ನಡೆಯುವ ಮಹಾಮಸ್ತಕಾಭಿಷೇಕ 2018ರಲ್ಲಿ ನಡೆಯಿತು. ಮೂರ್ತಿ ಕೇಂದ್ರ ಸರ್ಕಾರದ ಪುರಾತತ್ವ ಇಲಾಖೆಯ ಸಂರಕ್ಷಣೆಯಲ್ಲಿದ್ದು, ಪೂಜೆ ಜೈನ ಸಮುದಾಯದ ಪರಂಪರೆಯಂತೆ ನಡೆಯುತ್ತದೆ. ಬೆಟ್ಟ ಹತ್ತುವವರೆಲ್ಲ ಪಾದರಕ್ಷೆಗಳನ್ನು ಕೆಳಗೇ ಬಿಟ್ಟು ಬಂಡೆಯಲ್ಲಿ ಕಡಿದ ಆರುನೂರಕ್ಕೂ ಹೆಚ್ಚು ಮೆಟ್ಟಿಲುಗಳನ್ನು ಏರುತ್ತಾರೆ. ಅವರಲ್ಲಿ ವ್ರತ ಹಿಡಿದ ಶ್ರಾವಕರು, ಎಂದರೆ ಜೈನ ಗೃಹಸ್ಥರು, ಇರುತ್ತಾರೆ, ಶಾಲಾ ಪ್ರವಾಸದ ಮಕ್ಕಳಿರುತ್ತಾರೆ, ಶಿಲ್ಪ ನೋಡಲೆಂದೇ ದೂರದೇಶದಿಂದ ಬಂದವರೂ ಇರುತ್ತಾರೆ. ಒಂದೇ ಮೆಟ್ಟಿಲ ಮೇಲೆ ಒಟ್ಟಿಗೆ ನಡೆಯುವ ಇವರೆಲ್ಲರಿಗಾಗಿ ಒಂದೇ ಫಲಕ ಬರೆಯಬೇಕಾಗುತ್ತದೆ.

ಸಾಮಾನ್ಯವಾಗಿ ಅಂತಹ ಫಲಕ ಎತ್ತರ, ಕಾಲ, ಮಾಡಿಸಿದವನ ಹೆಸರು, ಕಲ್ಲಿನ ಜಾತಿ ಇವುಗಳನ್ನು ಹೇಳುತ್ತದೆ. ಇವು ಸತ್ಯವಾದ ಸಂಗತಿಗಳೇ. ಆದರೆ ದಿಗಂಬರ ಪರಂಪರೆಯ ಮಹಾಚಾರ್ಯ ಕುಂದಕುಂದರು ಸಮಯಸಾರದಲ್ಲಿ ಎತ್ತಿರುವ ಒಂದು ವಿಚಾರ ಈ ಸಂಗತಿಗಳ ಮಿತಿಯನ್ನು ಸ್ಪಷ್ಟವಾಗಿ ತೋರಿಸುತ್ತದೆ. ನಗರವನ್ನು ವರ್ಣಿಸಿದ ಮಾತ್ರಕ್ಕೆ ಅಲ್ಲಿಯ ಅರಸನನ್ನು ವರ್ಣಿಸಿದಂತಾಗುವುದಿಲ್ಲ. ಹಾಗೆಯೇ ಕೇವಲಿಯ, ಅಂದರೆ ಸಂಪೂರ್ಣ ಜ್ಞಾನವನ್ನು ಪಡೆದವನ, ದೇಹವನ್ನು ಹೊಗಳಿದರೆ ಕೇವಲಿಯ ಗುಣಗಳನ್ನು ಸ್ತುತಿಸಿದಂತಾಗುವುದಿಲ್ಲ ಎಂದು ಅವರು ವಾದಿಸುತ್ತಾರೆ. ಅದೇ ಗ್ರಂಥದಲ್ಲಿ ಇನ್ನೊಂದು ಮಾತೂ ಇದೆ: ಪರಭಾಷೆಯವನಿಗೆ ಅವನ ಭಾಷೆಯಲ್ಲಲ್ಲದೆ ತಿಳಿಯಹೇಳಲಾಗದಂತೆ, ಲೋಕವ್ಯವಹಾರದ ಮಾತಿನ ನೆರವಿಲ್ಲದೆ ಪರಮಾರ್ಥವನ್ನು ಉಪದೇಶಿಸಲಾಗದು. ಈ ಎರಡನ್ನು ಕೂಡಿಸಿ ನೋಡಿದರೆ, ಅಡಿ ಅಂಗುಲಗಳ ವಿವರ ಸಾಲದು, ಆದರೆ ಅದನ್ನು ಬಿಟ್ಟು ಮುಂದೆ ಹೋಗುವಂತೆಯೂ ಇಲ್ಲ ಎಂಬ ತೀರ್ಮಾನ ಬರುತ್ತದೆ. ಬೆಟ್ಟದ ಮೇಲೆ ಫಲಕ ಬರೆಯುವವರ ಇಕ್ಕಟ್ಟನ್ನು ಇಷ್ಟು ನಿಖರವಾಗಿ ಹೇಳಿದ ಮಾತು ವೃತ್ತಿಯ ಆಧುನಿಕ ಕೈಪಿಡಿಗಳಲ್ಲಿ ಅಪರೂಪ.

ಸಂಗತಿಗಳಿಂದ ಅರ್ಥಕ್ಕೆ ದಾಟುವಾಗ ಯೋಜಕರು ಸಾಧಾರಣವಾಗಿ ಹಿಡಿಯುವ ದಾರಿ, ‘ಜೈನರು ಹೀಗೆ ನಂಬುತ್ತಾರೆ’ ಎಂಬ ವಾಕ್ಯರಚನೆ. ಅದು ತಟಸ್ಥವಾದ ಮಾತೆಂದು ತೋರುತ್ತದೆ, ಮತ್ತು ಅನೇಕ ಕಡೆ ಅದೇ ಸರಿಯಾದ ಮಾತೂ ಹೌದು. ಆದರೆ ಒಂದು ಫಲಕದಲ್ಲಿ ಇತಿಹಾಸಕಾರನ ಮಾತೆಲ್ಲ ‘ಇದೆ’, ‘ಆಯಿತು’ ಎಂದು ನೇರವಾಗಿ ಬಂದು, ಪರಂಪರೆಯ ಮಾತೆಲ್ಲ ‘ನಂಬುತ್ತಾರೆ’, ‘ಭಾವಿಸುತ್ತಾರೆ’ ಎಂದು ಬಂದರೆ, ಓದುವವರಿಗೆ ಮೊದಲನೆಯದು ಜಗತ್ತಿನ ಬಗ್ಗೆ, ಎರಡನೆಯದು ಕೆಲವರ ಮನಸ್ಸಿನ ಬಗ್ಗೆ ಎಂಬ ಪಾಠ ಸದ್ದಿಲ್ಲದೆ ಬೋಧನೆಯಾಗುತ್ತದೆ. ಅಪರಿಗ್ರಹವೆಂಬುದು, ಅಂದರೆ ಯಾವುದನ್ನೂ ತನ್ನದೆಂದು ಹಿಡಿದಿಟ್ಟುಕೊಳ್ಳದಿರುವುದು, ಮನುಷ್ಯ ಹೇಗೆ ಬದುಕಬೇಕೆಂಬುದರ ಬಗ್ಗೆ ಒಂದು ವಾದ. ಅದಕ್ಕೆ ಕಾರಣಗಳಿವೆ, ಪ್ರತಿವಾದಗಳಿವೆ, ಅದನ್ನು ಒರೆಗೆ ಹಚ್ಚಬಹುದು. ಗೊಮ್ಮಟನ ನಗ್ನತೆಯನ್ನು ಆ ವಾದದ ರೂಪವೆಂದು ವಿವರಿಸದೆ ಒಂದು ಪಂಗಡದ ನಂಬಿಕೆಯೆಂದಷ್ಟೇ ಹೇಳಿ ಮುಗಿಸಿದರೆ, ಸಂದರ್ಶಕನಿಗೆ ಎದುರಾಗಬೇಕಾಗಿದ್ದ ಪ್ರಶ್ನೆಯನ್ನೇ ಅವನಿಂದ ಮರೆಮಾಡಿದಂತಾಗುತ್ತದೆ.

ಇದಕ್ಕೆ ವಿರುದ್ಧ ದಿಕ್ಕಿನ ತಪ್ಪೂ ಅಷ್ಟೇ ಸುಲಭ. ಭಕ್ತಿಯಿಂದ ಬರೆದ ಫಲಕ ಗೊಮ್ಮಟನನ್ನು ‘ಬೇಡಿದ್ದನ್ನು ಕೊಡುವ ದೇವರು’ ಎಂದು ಬಣ್ಣಿಸಬಹುದು. ಆದರೆ ಜೈನ ಸಿದ್ಧಾಂತದ ಪ್ರಕಾರ ಮುಕ್ತನಾದವನು ಪ್ರಾರ್ಥನೆಗೆ ಓಗೊಡುವುದಿಲ್ಲ, ವರ ಕೊಡುವುದಿಲ್ಲ, ಪೂಜೆಯ ಫಲ ಪೂಜಿಸುವವನ ಭಾವಶುದ್ಧಿಯಲ್ಲೇ ಇರುತ್ತದೆ. ಗೊಮ್ಮಟನೆಂದು ಕರೆಯಲಾಗುವ ಬಾಹುಬಲಿ ತೀರ್ಥಂಕರನೂ, ಎಂದರೆ ಧರ್ಮಮಾರ್ಗದ ಪ್ರವರ್ತಕನೂ, ಅಲ್ಲ. ಅಣ್ಣ ಭರತನೊಡನೆ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳಲ್ಲಿ ಗೆದ್ದು, ಗೆದ್ದ ಕ್ಷಣದಲ್ಲೇ ರಾಜ್ಯವನ್ನು ಬಿಟ್ಟು, ಕಾಯೋತ್ಸರ್ಗದಲ್ಲಿ, ಎಂದರೆ ದೇಹದ ಮೇಲಿನ ಮಮತೆಯನ್ನು ತೊರೆದು ನಿಶ್ಚಲನಾಗಿ ನಿಲ್ಲುವ ಧ್ಯಾನಭಂಗಿಯಲ್ಲಿ, ನಿಂತವನು ಅವನು. ಶಿಲ್ಪಿ ಕಾಲಬುಡದಲ್ಲಿ ಹುತ್ತಗಳನ್ನೂ ಅವುಗಳಿಂದ ಹೊರಬರುವ ಸರ್ಪಗಳನ್ನೂ ಕಡೆದು, ತೊಡೆಯನ್ನೂ ತೋಳನ್ನೂ ಸುತ್ತಿ ಮೇಲೇರುವ ಬಳ್ಳಿಯನ್ನು ಮೂಡಿಸಿ, ಆ ನಿಲುವಿನ ದೀರ್ಘಕಾಲವನ್ನು ಕಣ್ಣಿಗೆ ಕಾಣಿಸಿದ್ದಾನೆ. ಆವರಣದ ಹೊರಗೆ ಮೂರ್ತಿಗೆ ಎದುರಾಗಿ ನಿಂತಿರುವ ಗುಳ್ಳಕಾಯಜ್ಜಿಯ ವಿಗ್ರಹ ಇದೇ ವಿಚಾರವನ್ನು ಕಥೆಯಾಗಿ ಮುಂದುವರಿಸುತ್ತದೆ: ಚಾವುಂಡರಾಯನ ಅಭಿಷೇಕದ ಹಾಲು ಎಷ್ಟು ಸುರಿದರೂ ಪಾದವನ್ನು ಮುಟ್ಟಲಿಲ್ಲ, ಮುದುಕಿಯೊಬ್ಬಳು ಗುಳ್ಳದ ಕಾಯಿಯಲ್ಲಿ ತಂದ ಒಂದಿಷ್ಟು ಹಾಲು ಮೂರ್ತಿಯನ್ನೆಲ್ಲ ತೋಯಿಸಿತು. ಮೂರ್ತಿಯನ್ನು ಮಾಡಿಸಿದವನ ಹೆಮ್ಮೆಯನ್ನೇ ತಿದ್ದುವ ಕಥೆಯನ್ನು ಅದೇ ಬೆಟ್ಟದ ಮೇಲೆ ಕಲ್ಲಿನಲ್ಲಿ ನಿಲ್ಲಿಸಿರುವ ಈ ಪರಂಪರೆ, ವಿಮರ್ಶೆಗೆ ಅಂಜುವಂಥದಲ್ಲ.

ಈ ಎರಡು ತಪ್ಪುಗಳಿಂದ ಪಾರಾಗಲು ಜೈನ ತರ್ಕಶಾಸ್ತ್ರವೇ ಒಂದು ಸಾಧನವನ್ನು ಒದಗಿಸುತ್ತದೆ. ವಸ್ತು ಅನೇಕ ಧರ್ಮಗಳನ್ನು, ಎಂದರೆ ಗುಣಸ್ವಭಾವಗಳನ್ನು, ಉಳ್ಳದ್ದಾಗಿರುವುದರಿಂದ ಅದರ ಬಗ್ಗೆ ಆಡುವ ಪ್ರತಿಯೊಂದು ಮಾತೂ ಯಾವುದೋ ಒಂದು ನೆಲೆಯಿಂದ ಆಡಿದ ಮಾತು. ಆ ನೆಲೆಗೆ ನಯವೆಂದು ಹೆಸರು. ತನ್ನ ನೆಲೆಯನ್ನು ಅರಿತು, ಉಳಿದ ನೆಲೆಗಳನ್ನು ಅಲ್ಲಗಳೆಯದೆ ಆಡಿದ ಮಾತು ತನ್ನ ಮಟ್ಟಿಗೆ ಸತ್ಯ. ತಾನೊಂದೇ ಪೂರ್ಣಸತ್ಯವೆಂದು ಸಾಧಿಸಲು ಹೊರಟಾಗ ಅದೇ ಮಾತು ದುರ್ನಯವಾಗುತ್ತದೆ. ಗೊಮ್ಮಟನ ಮೂರ್ತಿ ಹತ್ತನೆಯ ಶತಮಾನದ ಶಿಲ್ಪವೆನ್ನುವುದು ಒಂದು ನಯ, ಅದು ವೈರಾಗ್ಯದ ಉಪದೇಶವೆನ್ನುವುದು ಇನ್ನೊಂದು, ಗಂಗರ ಆಡಳಿತದ ಕೊನೆಗಾಲದಲ್ಲಿ ಪ್ರಬಲ ಮಂತ್ರಿಯೊಬ್ಬ ತನ್ನ ಧರ್ಮನಿಷ್ಠೆಯನ್ನೂ ಸಾಮರ್ಥ್ಯವನ್ನೂ ಪ್ರಕಟಿಸಿದ ಕಾರ್ಯವೆನ್ನುವುದು ಮತ್ತೊಂದು. ಫಲಕ ಈ ಮೂರನ್ನೂ ಹೇಳಬಹುದು. ಹೇಳುವಾಗ ಪ್ರತಿಯೊಂದರ ನೆಲೆಯನ್ನೂ ಒಂದೇ ಬಗೆಯ ಎಚ್ಚರದಿಂದ ಗುರುತಿಸಬೇಕು, ಕಾಲನಿರ್ಣಯಕ್ಕೆ ಶಾಸನಾಧಾರವನ್ನೂ ವೈರಾಗ್ಯಕ್ಕೆ ಸಿದ್ಧಾಂತದ ಆಧಾರವನ್ನೂ ಹೆಸರಿಸಬೇಕು. ಆಗ ‘ನಂಬುತ್ತಾರೆ’ ಎಂಬ ಕ್ರಿಯಾಪದದ ಹೊರೆ ಒಂದೇ ಕಡೆಗೆ ಬೀಳುವುದಿಲ್ಲ.

ನಯವಾದವನ್ನು ಹೀಗೆ ಬಳಸುವುದಕ್ಕೆ ಗಂಭೀರವಾದ ಆಕ್ಷೇಪಣೆಯೊಂದುಂಟು. ಪ್ರಾಚೀನ ಜೈನ ತಾರ್ಕಿಕರು ಅನೇಕಾಂತವನ್ನು, ಎಂದರೆ ವಸ್ತುವಿಗೆ ಅನೇಕ ಮಗ್ಗುಲುಗಳಿವೆಯೆಂಬ ಈ ವಾದವನ್ನು, ಪರಮತಗಳ ಬಗೆಗಿನ ಸೌಜನ್ಯಕ್ಕಾಗಿ ರೂಪಿಸಲಿಲ್ಲ. ಬೌದ್ಧರ, ನೈಯಾಯಿಕರ, ವೇದಾಂತಿಗಳ ನಿಲುವುಗಳು ಏಕಾಂತಗಳೆಂದು, ಎಂದರೆ ಒಂದೇ ಮಗ್ಗುಲನ್ನು ಹಿಡಿದವುಗಳೆಂದು, ಖಂಡಿಸಲು ಅದನ್ನು ಬಳಸಿದರು. ಅದನ್ನು ಬೌದ್ಧಿಕ ಅಹಿಂಸೆಯೆಂದು ಓದುವುದು ಇಪ್ಪತ್ತನೆಯ ಶತಮಾನದ ರೂಢಿ. ಜೊತೆಗೆ, ಸತ್ಯವೆಲ್ಲ ಸಾಪೇಕ್ಷ, ಯಾರು ಹೇಳಿದ್ದೂ ಸರಿಯೇ ಎಂಬ ಮಾತನ್ನು ಜೈನ ದರ್ಶನ ಎಂದೂ ಒಪ್ಪುವುದಿಲ್ಲ, ಏಕೆಂದರೆ ಕೇವಲಜ್ಞಾನಿಗೆ ವಸ್ತು ಸಮಗ್ರವಾಗಿಯೇ ತಿಳಿದಿರುತ್ತದೆಂಬುದು ಅದರ ನಿಲುವು. ಈ ಆಕ್ಷೇಪಣೆ ಯೋಜಕರಿಗೆ ಅಡ್ಡಿಗಿಂತ ಹೆಚ್ಚಾಗಿ ಉಪಕಾರವನ್ನೇ ಮಾಡುತ್ತದೆ. ಎಲ್ಲವನ್ನೂ ಸಮವೆಂದು ಒಪ್ಪುವ ಸಡಿಲವಾದ ಔದಾರ್ಯ ಫಲಕಗಳನ್ನು ಸಪ್ಪೆಯಾಗಿಸುತ್ತದೆ. ನಯವಾದ ಕೇಳುವುದು ಮಾತಿನ ನೆಲೆ ಯಾವುದು, ಆ ನೆಲೆಯಲ್ಲಿ ಮಾತು ನಿಲ್ಲುತ್ತದೆಯೇ ಎಂಬ ಕಠಿಣ ಪರೀಕ್ಷೆಯನ್ನು.

ಆ ಪರೀಕ್ಷೆ ನಿಜವಾಗಿ ಹೇಗಿರುತ್ತದೆಂಬುದನ್ನು ಎದುರಿನ ಚಂದ್ರಗಿರಿಯಲ್ಲಿ, ಚಿಕ್ಕಬೆಟ್ಟದಲ್ಲಿ, ನೋಡಬಹುದು. ಮೌರ್ಯ ಚಕ್ರವರ್ತಿ ಚಂದ್ರಗುಪ್ತ ಸಿಂಹಾಸನವನ್ನು ತ್ಯಜಿಸಿ, ಹನ್ನೆರಡು ವರ್ಷಗಳ ಕ್ಷಾಮವನ್ನು ಮುಂಗಂಡ ಗುರು ಭದ್ರಬಾಹುವಿನೊಡನೆ ದಕ್ಷಿಣಕ್ಕೆ ಬಂದು, ಇಲ್ಲಿ ಸಲ್ಲೇಖನದಿಂದ, ಎಂದರೆ ಆಹಾರವನ್ನು ಕ್ರಮೇಣ ತೊರೆಯುವ ವ್ರತದಿಂದ, ದೇಹವಿಟ್ಟನೆಂದು ಸ್ಥಳದ ಪರಂಪರೆ ಹೇಳುತ್ತದೆ. ಚಂದ್ರಗುಪ್ತ ಬಸದಿಯ ಜಾಲಂಧ್ರದ ಕಲ್ಲುಗಳಲ್ಲಿ ದಾಸೋಜನೆಂಬ ಶಿಲ್ಪಿ ಈ ಕಥೆಯ ದೃಶ್ಯಗಳನ್ನು ಕೆತ್ತಿದ್ದಾನೆ. ಭದ್ರಬಾಹುವನ್ನು ಹೆಸರಿಸುವ ಇಲ್ಲಿಯ ಅತಿ ಹಳೆಯ ಶಾಸನ ಸುಮಾರು 600ರ ಕಾಲದ್ದು, ಎಂದರೆ ಮೌರ್ಯ ಚಂದ್ರಗುಪ್ತನಿಗಿಂತ ಒಂಬತ್ತು ಶತಮಾನಗಳಷ್ಟು ಈಚಿನದು. ಇತಿಹಾಸಕಾರರಲ್ಲಿ ಇದರ ಬಗ್ಗೆ ಒಮ್ಮತವಿಲ್ಲ. ಶ್ವೇತಾಂಬರ ಪರಂಪರೆಯಂತೂ ಆ ಕ್ಷಾಮಕಾಲದಲ್ಲಿ ಭದ್ರಬಾಹು ನೇಪಾಳದಲ್ಲಿದ್ದನೆನ್ನುತ್ತದೆ. ಹೀಗಿರುವಾಗ ‘ಚಂದ್ರಗುಪ್ತ ಮೌರ್ಯ ಇಲ್ಲಿ ಮಡಿದ’ ಎಂದು ಬರೆದರೆ ಪರಂಪರೆಯ ನೆಲೆಯಿಂದ ಆಡಿದ ಮಾತು ಇತಿಹಾಸದ ವೇಷ ಹಾಕುತ್ತದೆ. ‘ಇದು ಬರಿಯ ದಂತಕಥೆ’ ಎಂದು ಬರೆದರೆ ಆಧಾರ ಸಾಲದೆಂಬ ಇತಿಹಾಸದ ತೀರ್ಪು, ಘಟನೆ ನಡೆದೇ ಇಲ್ಲವೆಂಬ ತೀರ್ಪಾಗಿ ಅಡ್ಡದಾರಿ ಹಿಡಿಯುತ್ತದೆ. ನಿಷ್ಠೆಯಿಂದ ಬರೆಯಬಹುದಾದದ್ದು ಹೀಗಿದ್ದೀತು: ‘ಚಂದ್ರಗುಪ್ತ ಮೌರ್ಯ ಅರಸುತನವನ್ನು ಬಿಟ್ಟು ಈ ಬೆಟ್ಟದಲ್ಲಿ ಕೊನೆಯುಸಿರೆಳೆದನೆಂದು ದಿಗಂಬರ ಜೈನರು ಶತಮಾನಗಳಿಂದ ಹೇಳುತ್ತ ಬಂದಿದ್ದಾರೆ. ಆ ನೆನಪು ಈ ಬೆಟ್ಟದ ಚಂದ್ರಗುಪ್ತ ಬಸದಿಯ ಹೆಸರಿನಲ್ಲೂ ಕೆತ್ತನೆಯಲ್ಲೂ ಉಳಿದಿದೆ. ಮೌರ್ಯರ ಕಾಲದ ಯಾವ ಶಾಸನವೂ ಇಲ್ಲಿ ಸಿಕ್ಕಿಲ್ಲ.’ ಮೂರು ವಾಕ್ಯಗಳಲ್ಲಿ ಯಾವುದೂ ಇನ್ನೊಂದರ ಬಾಯಿ ಮುಚ್ಚಿಸುವುದಿಲ್ಲ.

ವಸ್ತುಸಂಗ್ರಹಾಲಯದ ಒಳಗೆ ಪ್ರಶ್ನೆ ಇನ್ನಷ್ಟು ತೀಕ್ಷ್ಣವಾಗುತ್ತದೆ, ಏಕೆಂದರೆ ಅಲ್ಲಿ ಮೂರ್ತಿ ತನ್ನ ಬೆಟ್ಟವನ್ನೂ ಪೂಜಕರನ್ನೂ ಅಗಲಿರುತ್ತದೆ. 1917ರಿಂದ ಬೋಸ್ಟನ್ನಿನ ಲಲಿತಕಲಾ ವಸ್ತುಸಂಗ್ರಹಾಲಯದಲ್ಲಿ ಭಾರತೀಯ ಕಲಾವಿಭಾಗವನ್ನು ನೋಡಿಕೊಂಡ ಆನಂದ ಕುಮಾರಸ್ವಾಮಿ ಈ ಅಗಲಿಕೆಯ ನೋವನ್ನು ಬಲ್ಲವರಾಗಿದ್ದರು. ಪವಿತ್ರ ವಸ್ತುವನ್ನು ಬಳಕೆಗಾಗಿ, ಅರ್ಥಕ್ಕಾಗಿ ಮಾಡಿದ್ದರೆಂಬುದನ್ನು ಮರೆತು, ಅದನ್ನು ಕಣ್ಣಿಗೆ ಹಿತವೆನಿಸುವ ಕಲಾಕೃತಿಯೆಂದಷ್ಟೇ ತೋರಿಸುವುದು ಅದನ್ನು ತಪ್ಪಾಗಿ ತೋರಿಸಿದಂತೆ ಎಂದು ಅವರು ವಾದಿಸಿದರು. ಸಂಗ್ರಹಾಲಯದ ಕೆಲಸ ರಂಜನೆಯಲ್ಲ, ಶಿಕ್ಷಣ ಎಂಬುದು ಅವರ ಗಟ್ಟಿಯಾದ ನಿಲುವು. ಮೂರ್ತಿ ಯಾವ ಧ್ಯಾನಕ್ಕೆ ಆಧಾರವಾಗಿತ್ತೋ ಅದನ್ನು ಸಂದರ್ಶಕನಿಗೆ ಬುದ್ಧಿಗಮ್ಯವಾಗಿಸಬೇಕು ಎಂಬ ಅವರ ಬೇಡಿಕೆ ಇಂದಿಗೂ ಪೂರ್ಣವಾಗಿ ಈಡೇರಿಲ್ಲ.

ಸರ್ಕಾರದ ಹಣದಿಂದ ನಡೆಯುವ ಸಂಸ್ಥೆ ಇಂಥ ಅರ್ಥವನ್ನು ವಿವರಿಸಿದರೆ ಅದು ಧರ್ಮಬೋಧನೆಯಾಗುವುದಿಲ್ಲವೇ ಎಂಬ ಸಂದೇಹ ಕಾನೂನಿನ ಕಡೆಯಿಂದಲೂ ಬರುತ್ತದೆ. ಭಾರತದ ಸಂವಿಧಾನದ 28ನೇ ವಿಧಿ ಸಂಪೂರ್ಣವಾಗಿ ಸರ್ಕಾರಿ ಹಣದಿಂದ ನಡೆಯುವ ಶಿಕ್ಷಣ ಸಂಸ್ಥೆಗಳಲ್ಲಿ ಧಾರ್ಮಿಕ ಬೋಧನೆಯನ್ನು ನಿಷೇಧಿಸುತ್ತದೆ. ಆದರೆ ಧಾರ್ಮಿಕ ಬೋಧನೆ ಬೇರೆ, ಧರ್ಮಗಳ ಕುರಿತಾದ ಅಧ್ಯಯನ ಬೇರೆ ಎಂದು ಸರ್ವೋಚ್ಚ ನ್ಯಾಯಾಲಯ 2002ರಲ್ಲಿ ಅರುಣಾ ರಾಯ್ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. ಇಂಥದೇ ಸಂದೇಹ ಅಮೆರಿಕದಲ್ಲೂ ಎದ್ದಿತ್ತು. ಅಲ್ಲಿಯ ವಯೋಮಿಂಗ್ ರಾಜ್ಯದ ಡೆವಿಲ್ಸ್ ಟವರ್ ಎಂಬ ಬಂಡೆಗೋಪುರ ಅನೇಕ ಮೂಲನಿವಾಸಿ ಜನಾಂಗಗಳಿಗೆ ಪವಿತ್ರವಾದದ್ದು. ಜೂನ್ ತಿಂಗಳ ಅವರ ಆಚರಣೆಗಳ ಗೌರವಾರ್ಥ ಆ ತಿಂಗಳು ಬಂಡೆಯನ್ನು ಸ್ವಇಚ್ಛೆಯಿಂದ ಹತ್ತದಿರಿ ಎಂದು ಉದ್ಯಾನ ಸೇವೆ 1995ರ ಯೋಜನೆಯಲ್ಲಿ ಕೇಳಿಕೊಂಡಾಗ, ಕೆಲವರು ನ್ಯಾಯಾಲಯಕ್ಕೆ ಹೋಗಿ, ಬಂಡೆಯ ಧಾರ್ಮಿಕ ಮಹತ್ವವನ್ನು ತಿಳಿಸುವ ವ್ಯಾಖ್ಯಾನ ಕಾರ್ಯಕ್ರಮವನ್ನೂ ಪ್ರಶ್ನಿಸಿದರು. ಸ್ವಇಚ್ಛೆಯ ಮನವಿಯನ್ನು ಜಿಲ್ಲಾ ನ್ಯಾಯಾಲಯ 1998ರಲ್ಲಿ ಎತ್ತಿಹಿಡಿಯಿತು. ಕೇಳಿಕೊಳ್ಳುವುದಕ್ಕೂ ಕಟ್ಟಳೆ ವಿಧಿಸುವುದಕ್ಕೂ ನಡುವಿನ ಅಂತರವನ್ನು ಕಾಯುವುದು ವ್ಯಾಖ್ಯಾನದ ಭಾಷೆಯೇ.

ಹೇಳದೆ ಉಳಿಯಬೇಕಾದದ್ದನ್ನು ಅರಿಯುವುದೂ ಈ ವೃತ್ತಿಯ ಜ್ಞಾನದೊಳಗೆ ಸೇರುತ್ತದೆ. ಆಸ್ಟ್ರೇಲಿಯದ ಉಲುರು ಬಂಡೆ ಇದನ್ನು ತೋರಿಸಿಕೊಟ್ಟಿತು. 1985ರ ಅಕ್ಟೋಬರ್ 26ರಂದು ಅಲ್ಲಿಯ ಮೂಲನಿವಾಸಿಗಳಾದ ಅನಂಗು ಜನರಿಗೆ ಒಡೆತನ ಮರಳಿದ ಮೇಲೂ ಪ್ರವಾಸಿಗರು ಬಂಡೆಯನ್ನು ಹತ್ತುತ್ತಲೇ ಇದ್ದರು. ಬುಡದಲ್ಲಿ ಹತ್ತಬೇಡಿರೆಂಬ ವಿನಂತಿಯ ಫಲಕವಿತ್ತು. ಹತ್ತುವವರ ಪ್ರಮಾಣ ಶೇಕಡ 20ಕ್ಕಿಂತ ಕೆಳಗಿಳಿಯುವುದು ಹತ್ತುವಿಕೆಯನ್ನು ನಿಲ್ಲಿಸಬಹುದಾದ ಷರತ್ತುಗಳಲ್ಲಿ ಒಂದೆಂದು ನಿರ್ವಹಣಾ ಯೋಜನೆಯಲ್ಲಿ ಬರೆಯಲಾಗಿತ್ತು. ಕೊನೆಗೆ 2019ರ ಅಕ್ಟೋಬರ್ 26ರಂದು ದಾರಿ ಮುಚ್ಚಿತು. ವಿವರಣೆ ಜನರ ನಡೆಯನ್ನು ಬದಲಿಸಿತೇ ಎಂಬುದೇ ನಿರ್ಧಾರದ ಅಳತೆಗೋಲುಗಳಲ್ಲೊಂದಾದ ಅಪರೂಪದ ಪ್ರಸಂಗವಿದು. ಆದರೆ ಅನಂಗು ಜನರು ತಮ್ಮ ಪವಿತ್ರ ಕಥನಗಳೆಲ್ಲವನ್ನೂ ಸಂದರ್ಶಕರ ಮುಂದೆ ಬಿಚ್ಚಿಡಲಿಲ್ಲ; ದೀಕ್ಷೆ ಪಡೆದವರಿಗೆ ಮಾತ್ರ ಸಲ್ಲುವ ಭಾಗಗಳನ್ನು ತಮ್ಮಲ್ಲೇ ಉಳಿಸಿಕೊಂಡರು, ಬಂಡೆಯ ಕೆಲವು ಭಾಗಗಳ ಛಾಯಾಚಿತ್ರ ತೆಗೆಯಬಾರದೆಂದು ಕೇಳಿಕೊಂಡರು. ಎಲ್ಲವನ್ನೂ ತಿಳಿಯುವ ಹಕ್ಕು ಟಿಕೆಟ್ಟಿನ ಜೊತೆಗೆ ಬರುತ್ತದೆಂಬ ಭಾವನೆಯನ್ನು ವ್ಯಾಖ್ಯಾನ ಯೋಜಕರು ಮೊದಲು ತಮ್ಮೊಳಗಿಂದ ತೆಗೆದುಹಾಕಬೇಕಾಗುತ್ತದೆ.

ಚಂದ್ರಗಿರಿಯ ನಿಸಿದಿ ಶಾಸನಗಳು, ಎಂದರೆ ಸಲ್ಲೇಖನದಿಂದ ದೇಹತ್ಯಾಗ ಮಾಡಿದವರ ನೆನಪಿನ ಬರಹಗಳು, ಈ ಎಲ್ಲ ಪ್ರಶ್ನೆಗಳನ್ನೂ ಒಟ್ಟಿಗೆ ಮುಂದಿಡುತ್ತವೆ. ಶ್ರವಣಬೆಳಗೊಳದ ಶಾಸನಗಳನ್ನು ಬಿ.ಎಲ್. ರೈಸ್ ಸಂಗ್ರಹಿಸಿ 1889ರಲ್ಲೂ, ಆರ್. ನರಸಿಂಹಾಚಾರ್ ಪರಿಷ್ಕರಿಸಿ 1923ರಲ್ಲೂ ಪ್ರಕಟಿಸಿದರು. ಏಳನೆಯ ಶತಮಾನದಿಂದ ಮುನಿಗಳೂ ಕಂತಿಯರೂ, ಎಂದರೆ ಜೈನ ಸನ್ಯಾಸಿನಿಯರೂ, ಈ ಬಂಡೆಯ ಮೇಲೆ ಆಹಾರವನ್ನು ಬಿಟ್ಟು ದೇಹವಿಟ್ಟ ಸಂಗತಿ ಅವುಗಳಲ್ಲಿದೆ. ಹೊಯ್ಸಳ ರಾಣಿ ಶಾಂತಲೆ 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡ ಮೇಲೆ ತಾಯಿ ಮಾಚಿಕಬ್ಬೆ ಬೆಳಗೊಳದಲ್ಲಿ ಸಲ್ಲೇಖನ ಸ್ವೀಕರಿಸಿದ ಸಂಗತಿ ಓದುವವರನ್ನು ಕಲಕದೆ ಬಿಡದು, ಏಕೆಂದರೆ ಅಲ್ಲಿ ಮಗಳನ್ನು ಕಳೆದುಕೊಂಡ ತಾಯಿಯ ದುಃಖವನ್ನೂ ವ್ರತದ ಶಾಂತಿಯನ್ನೂ ಬೇರ್ಪಡಿಸಿ ನೋಡುವುದು ಹೊರಗಿನವರಿಗೆ ಸಾಧ್ಯವಿಲ್ಲ. ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರ ಸಲ್ಲೇಖನಕ್ಕೆ ಷರತ್ತುಗಳನ್ನು ವಿಧಿಸುತ್ತದೆ: ಪರಿಹಾರವಿಲ್ಲದ ವಿಪತ್ತು, ಕ್ಷಾಮ, ಮುಪ್ಪು, ರೋಗ ಒದಗಿದಾಗ ಮಾತ್ರ, ಧರ್ಮಕ್ಕಾಗಿ ದೇಹವನ್ನು ಬಿಡುವುದು. ರಾಜಸ್ಥಾನ ಹೈಕೋರ್ಟ್ 2015ರ ಆಗಸ್ಟ್‌ನಲ್ಲಿ ಈ ಆಚರಣೆಯನ್ನು ಅಪರಾಧವೆಂದು ಪರಿಗಣಿಸಿತು. ಅದೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯ ಆ ತೀರ್ಪಿಗೆ ತಡೆಯಾಜ್ಞೆ ನೀಡಿತು.

ಹತ್ತು ವರ್ಷದ ಮಗುವೊಂದು ಇಂಥ ನಿಸಿದಿ ಕಲ್ಲಿನ ಮುಂದೆ ನಿಂತು, ಇವರು ತಾವೇ ಸತ್ತರೇ ಎಂದು ಗೈಡನ್ನು ಕೇಳಿದರೆ ತರಬೇತಿಯ ಬೆಲೆ ಆಗ ತಿಳಿಯುತ್ತದೆ. ಹೌದೆಂದರೂ ಅಲ್ಲವೆಂದರೂ ಅದು ದುರ್ನಯ. ಮಗುವಿಗೆ ಮರಣದ ವಿಷಯವೇ ಬೇಡವೆಂದು ಮಾತು ಮರೆಸುವುದು ಬೆಟ್ಟದ ಮುಖ್ಯ ಸಂಗತಿಯನ್ನೇ ಅಡಗಿಸಿದಂತೆ. ಮುಪ್ಪಿನಲ್ಲಿ, ವಾಸಿಯಾಗದ ಕಾಯಿಲೆಯಲ್ಲಿ, ಗುರುವಿನ ಅನುಮತಿ ಪಡೆದು, ಕೋಪವಿಲ್ಲದೆ, ಹೆದರಿಕೆಯಿಲ್ಲದೆ, ಊಟವನ್ನು ಸ್ವಲ್ಪಸ್ವಲ್ಪವಾಗಿ ಬಿಡುವುದಕ್ಕೆ ಜೈನರು ಸಲ್ಲೇಖನವೆಂಬ ಹೆಸರು ಕೊಟ್ಟರೆಂದೂ, ದುಃಖದಿಂದ ಅಥವಾ ಸಿಟ್ಟಿನಿಂದ ಪ್ರಾಣ ಕಳೆದುಕೊಳ್ಳುವುದನ್ನು ಅವರು ಪಾಪವೆಂದೇ ಎಣಿಸುತ್ತಾರೆಂದೂ, ಈ ಎರಡರ ನಡುವಿನ ಗೆರೆ ಎಲ್ಲಿದೆಯೆಂದು ದೊಡ್ಡವರು ನ್ಯಾಯಾಲಯದವರೆಗೂ ಹೋಗಿ ವಾದಿಸಿದ್ದಾರೆಂದೂ ಗೈಡು ಸರಳವಾದ ಕನ್ನಡದಲ್ಲಿ ಹೇಳಬಲ್ಲವನಾಗಿರಬೇಕು. ಮಗುವಿನ ಪ್ರಶ್ನೆಯ ಹಿಂದೆ ಮನೆಯ ಯಾವುದಾದರೂ ಸಾವಿನ ನೋವಿದೆಯೇ ಎಂಬುದನ್ನು ಮುಖ ನೋಡಿ ಅರಿಯಬಲ್ಲವನೂ ಆಗಿರಬೇಕು. ವಡೋದರದ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯ 1952ರಲ್ಲೇ ವಸ್ತುಸಂಗ್ರಹಾಲಯ ಶಾಸ್ತ್ರದ ವಿಭಾಗವನ್ನು ಆರಂಭಿಸಿತು, ದೆಹಲಿಯಲ್ಲಿ 1989ರಲ್ಲಿ ರಾಷ್ಟ್ರೀಯ ವಸ್ತುಸಂಗ್ರಹಾಲಯ ಸಂಸ್ಥೆ ಸ್ಥಾಪನೆಯಾಯಿತು. ಇಂಥ ಕಡೆಗಳಲ್ಲಿ ಓದಿ ವ್ಯಾಖ್ಯಾನದ ವೃತ್ತಿಗೆ ಬರಲಿರುವ ಯುವಜನರಿಗೆ ಸಂರಕ್ಷಣೆ ಮತ್ತು ಪ್ರದರ್ಶನ ವಿನ್ಯಾಸಗಳ ಜೊತೆಗೆ ದರ್ಶನಶಾಸ್ತ್ರದ ನಿಜವಾದ ಪರಿಚಯ ಆಗಬೇಕು, ಮತ್ತು ಫಲಕದ ಕರಡು ಅಚ್ಚಿಗೆ ಹೋಗುವ ಮೊದಲು ಆ ತಾಣದ ಪೂಜಕರೊಬ್ಬರೂ ಶಾಸನತಜ್ಞರೊಬ್ಬರೂ ಒಂದೇ ಮೇಜಿನ ಮುಂದೆ ಕುಳಿತು ಅದನ್ನು ವಾಕ್ಯ ವಾಕ್ಯವಾಗಿ ಓದುವ ಕ್ರಮ ಇಲಾಖೆಯ ನಿಯಮದಲ್ಲಿಯೇ ಬರಬೇಕು.